ನೀರಿಗೆ ಅಂಜಿದ ಬಾಲಿಕೆ: ವಿಕ್ಟೋರಿಯಾ ಮನಾಲೊಳ ಚರಿತ್ರೆ

ನಮ್ಮ ನಗರ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ವಿಷಯವಾಗಿ ಯಾರೂ ಹೊಸದಾಗಿ ಹೇಳಬೇಕಾದುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರದ ಸೀಮೆಯನ್ನು ಹಾದು, ಸಾಗರದ ಕಡೆಗೆ ತಿರುಗಿ, ಜೋಗದಲ್ಲಿ ೮೩೦ ಅಡಿಗಳ ಕೆಳಕ್ಕೆ ಧುಮುಕುವಳು. ತುಂಗೆಯಾದರೋ ತೀರ್ಥಹಳ್ಳಿಯ ಪೇಟೆಯ ಮಗ್ಗುಲಲ್ಲಿಯೇ ಹರಿಯುವಳು. ಹಳೆಯ ಬಿದನೂರಿನ ಬಳಿ ಕೆಳದಿಯ ಅರಸರು ಕಟ್ಟಿಸಿದ ದೇವಗಂಗೆಯ ಕೊಳಗಳು ಇಂದಿಗೂ ತಿಳಿನೀರಿನಿಂದ ತುಂಬಿಕೊಂಡಿವೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲಂತೂ, ಎಷ್ಟೋ ಮನೆತನಗಳ ಗದ್ದೆ ತೋಟಗಳಿದ್ದ ಕಡೆಯಲ್ಲಿ ಕಣ್ಣು ಹರಿಯುವವರೆಗೂ ಹಿನ್ನೀರೇ ನಿಂತಿತು; ೨೦೨೫ರಲ್ಲಿ ಸಿಗಂದೂರಿನ ಸೇತುವೆಯಾಗುವವರೆಗೆ ಆ ದಡದ ಜನರು ಸಂತೆಗೂ ಆಸ್ಪತ್ರೆಗೂ ಲಾಂಚು ಹತ್ತಿಯೇ ಬರಬೇಕಾಗಿತ್ತು. ಮಳೆಗಾಲದಲ್ಲಿ ಒಂದು ಸಂಕವನ್ನಾದರೂ ದಾಟದೆ ಶಾಲೆಗೆ ಬಂದ ವಿದ್ಯಾರ್ಥಿನಿಯು ಹಿಂದಿನ ದಿನಗಳಲ್ಲಿ ನಮ್ಮ ತರಗತಿಗಳಲ್ಲಿ ಅಪರೂಪವೇ ಸರಿ.

ಇಷ್ಟು ನೀರಿನ ನಡುವೆ ಬಾಳಿದರೂ ಈಜಬಲ್ಲ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಮಂದಿ? ಗಂಡುಹುಡುಗರು ಬಾಳೆದಿಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಆಸರೆ ಮಾಡಿಕೊಂಡು, ಒಬ್ಬರನ್ನೊಬ್ಬರು ನೋಡಿ, ಎರಡು ಬೇಸಗೆಗಳಲ್ಲಿ ಈಜು ಕಲಿತುಬಿಡುವರು. ಮೂರನೆಯ ಬೇಸಗೆಗೆ ಹೊಳೆಯ ಮೇಲೆ ಬಾಗಿದ ಮರದ ಕೊಂಬೆಯಿಂದ ಮಡುವಿಗೆ ಹಾರುವರು. ಅವರ ತಂಗಿಯರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ನೋಡುವರು. ಈ ಲೇಖನವನ್ನು ಬರೆಯುತ್ತಿರುವವಳೂ ಹಾಗೆ ಕುಳಿತು ನೋಡಿದವಳೇ. “ಹೊಳೆ ಹತ್ರ ಹೋಗಬ್ಯಾಡ ಮಾರಾಯ್ತಿ, ಸುಳಿ ಎಳ್ಕಂಡು ಹೋಗ್ತದೆ” ಎಂದು ನನ್ನ ತಾಯಿಯವರು ಹೇಳುತ್ತಿದ್ದ ಮಾತು ಇನ್ನೂ ಕಿವಿಯಲ್ಲಿದೆ. ಅವರ ಭಯವು ಸುಳ್ಳಾಗಿರಲಿಲ್ಲ. ಮಲೆನಾಡಿನ ಹೊಳೆಗಳು ಆಳವನ್ನು ಹೊರಗೆ ತೋರಿಸುವುದಿಲ್ಲ. ಪ್ರತಿ ವರ್ಷವೂ ಯಾವುದೋ ಮನೆಯ ಮಗುವನ್ನು ನೀರು ತೆಗೆದುಕೊಂಡಿತೆಂಬ ಸುದ್ದಿಯನ್ನು ಕೇಳಿಯೇ ನಾವೆಲ್ಲರೂ ದೊಡ್ಡವರಾದೆವು. ಆದರೆ ನೀರಿಗೆ ಅಂಜುವ ಮಗುವನ್ನು ನೀರಿನಿಂದ ದೂರವಿಡುವುದೇ ರಕ್ಷಣೆಯೋ, ಅಥವಾ ಅಂಜಿಕೆಯಿದ್ದ ಮಗುವಿಗೇ ಮೊದಲು ಕಲಿಸಬೇಕೋ ಎಂಬುದು ವಿಚಾರಮಾಡತಕ್ಕ ವಿಷಯವು.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಒಂದು ನಿದರ್ಶನವಿದೆ. ಬೆಂಗಳೂರಿನ ನಿಶಾ ಮಿಲೆಟ್ ಎಂಬವರು ಐದು ವರ್ಷದ ಮಗುವಾಗಿದ್ದಾಗ ನೀರಿನಲ್ಲಿ ಮುಳುಗಿ ಸಾಯುವ ಸ್ಥಿತಿಗೆ ಬಂದು ಬದುಕಿ ಉಳಿದರು. ಅನೇಕ ತಂದೆಗಳು ಆ ದಿನವೇ ಮಗಳಿಗೂ ಈಜುಕೊಳಕ್ಕೂ ಸಂಬಂಧವನ್ನು ಕಡಿದುಬಿಡುತ್ತಿದ್ದರು. ಈ ಹುಡುಗಿಯ ತಂದೆಯಾದರೋ ಮಗಳು ಈಜು ಕಲಿತೇ ತೀರಬೇಕೆಂದು ಹಟ ಹಿಡಿದು, ೧೯೯೧ರಲ್ಲಿ ಮದರಾಸಿನ ಒಂದು ಕ್ಲಬ್ಬಿನ ಕೊಳದಲ್ಲಿ ಕಲಿಸಲು ತೊಡಗಿದರು. ಮುಂದೆ ಬೆಂಗಳೂರಿನ ಬಸವನಗುಡಿಯ ಈಜುಕೇಂದ್ರದಲ್ಲಿ ಅಭ್ಯಾಸಮಾಡಿ, ನೂರು ಮೀಟರು ಸ್ವಚ್ಛಂದ ಈಜನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲನೆಯ ಭಾರತೀಯ ಮಹಿಳೆಯೆಂಬ ಕೀರ್ತಿಯನ್ನು ಅವರು ಪಡೆದರು. ಅರ್ಜುನ ಪ್ರಶಸ್ತಿಯೂ ಬಂದಿತು. ೨೦೦೦ದ ಸಿಡ್ನಿ ಒಲಿಂಪಿಕ್ ಕೂಟದಲ್ಲಿ ಇನ್ನೂರು ಮೀಟರಿನ ತಮ್ಮ ಗುಂಪಿನಲ್ಲಿ ಮೊದಲಿಗರಾಗಿ ದಡ ಮುಟ್ಟಿದರೂ, ಮುಂದಿನ ಸುತ್ತಿಗೆ ಆ ವೇಗವು ಸಾಲಲಿಲ್ಲ. ಬಳಿಕ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಸ್ಪರ್ಧೆಗಳಿಂದ ಹಿಂದೆ ಸರಿದ ಮೇಲೆ, ಚಿಕ್ಕ ಮಕ್ಕಳಿಗೆ ಈಜು ಕಲಿಸುವ ಕೆಲಸವನ್ನು ಕೈಗೊಂಡರು.

ನಿಶಾರವರದು ಈಜಿನ ಕಥೆ. ಇದಕ್ಕಿಂತಲೂ ಮೈ ನಡುಗಿಸತಕ್ಕ ವಿದ್ಯೆಯೊಂದುಂಟು; ಅದು ಎತ್ತರದಿಂದ ನೀರಿಗೆ ಧುಮುಕುವ ವಿದ್ಯೆ. ಅದರಲ್ಲಿ ಜಗತ್ತಿಗೇ ಮೊದಲಿಗಳಾದ ಒಬ್ಬ ಸ್ತ್ರೀಯು ಚಿಕ್ಕಂದಿನಲ್ಲಿ ನೀರೆಂದರೆ ಅಂಜುತ್ತಿದ್ದಳು. ಒಂಬತ್ತು ಹತ್ತು ವರ್ಷಗಳಾಗುವವರೆಗೆ ಆಕೆಗೆ ಈಜೇ ಬರುತ್ತಿರಲಿಲ್ಲ. ಆಕೆಯ ದಾರಿಗೆ ಅಡ್ಡಬಂದುದು ನೀರಿನ ಭಯವೊಂದೇ ಅಲ್ಲ, ಬಹಳಮಟ್ಟಿಗೆ ಮನುಷ್ಯರೇ. ಆ ಚರಿತ್ರೆಯನ್ನು ಹೇಳುವ ಮೊದಲು ವಿದ್ಯೆಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಜರ್ಮನಿ ಮತ್ತು ಸ್ವೀಡನ್ ದೇಶಗಳ ಅಂಗಸಾಧಕರು ಬೇಸಗೆ ಬಂದೊಡನೆ ತಮ್ಮ ಕಸರತ್ತಿನ ಸಲಕರಣೆಗಳನ್ನು ನೀರಿನ ದಡಕ್ಕೆ ಸಾಗಿಸಿ, ನೆಲದ ಮೇಲೆ ಹಾಕುತ್ತಿದ್ದ ಲಾಗಗಳನ್ನು ನೀರಿನ ಮೇಲೆ ಹಾಕತೊಡಗಿದರು. ಇದೇ ಈ ಕ್ರೀಡೆಯ ಮೂಲವು. ೧೯೦೪ರಲ್ಲಿ ಗಂಡಸರಿಗೂ ೧೯೧೨ರಲ್ಲಿ ಹೆಂಗಸರಿಗೂ ಒಲಿಂಪಿಕ್ ಕೂಟದಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಹೆಂಗಸರ ಮೊದಲನೆಯ ಚಿನ್ನದ ಪದಕವನ್ನು ಸ್ಟಾಕ್‌ಹೋಮಿನಲ್ಲಿ ಗೆದ್ದವಳು ಸ್ವೀಡನ್ನಿನ ಗ್ರೇಟಾ ಯೋಹಾನ್ಸನ್. ೧೯೨೦ರಲ್ಲಿ ಆಂಟ್‌ವರ್ಪಿನ ಕಪ್ಪಾದ ತಣ್ಣೀರಿನಲ್ಲಿ ಧುಮುಕಿ ಗೆದ್ದ ಐಲೀನ್ ರಿಗಿನ್ ಎಂಬ ಅಮೆರಿಕದ ಹುಡುಗಿಗೆ ಆಗ ಹದಿನಾಲ್ಕೇ ವರ್ಷ. ನಮ್ಮ ಹೈಸ್ಕೂಲಿನ ಮೊದಲ ತರಗತಿಯ ಬಾಲಿಕೆಯ ವಯಸ್ಸು.

ಧುಮುಕುವುದರಲ್ಲಿ ಎರಡು ಬಗೆ. ನೀರಿನಿಂದ ಮೂರು ಮೀಟರು ಎತ್ತರದಲ್ಲಿರುವ ಪುಟಿಯುವ ಹಲಗೆಯಿಂದ ಧುಮುಕುವುದು ಒಂದು; ಹತ್ತು ಮೀಟರು ಎತ್ತರದ, ಅಲುಗಾಡದ ಅಟ್ಟದಿಂದ ಧುಮುಕುವುದು ಇನ್ನೊಂದು. ಹಲಗೆಯು ಧುಮುಕುವವರನ್ನು ಮೇಲಕ್ಕೆ ಚಿಮ್ಮಿಸಿ ಕೊಡುವುದು. ಅಟ್ಟವು ಏನನ್ನೂ ಕೊಡುವುದಿಲ್ಲ, ಕಾಲಿನ ಬಲವೇ ಬಲ. ಹತ್ತು ಮೀಟರು ಎಂದರೆ ಸುಮಾರು ಮೂವತ್ತಮೂರು ಅಡಿ, ಮೂರು ಅಂತಸ್ತಿನ ಮನೆಯಷ್ಟು ಎತ್ತರ. ನಮ್ಮ ಜೋಗವು ಇದರ ಇಪ್ಪತ್ತೈದರಷ್ಟಿದೆಯಾದುದರಿಂದ ನಗರ ಸೀಮೆಯವರಿಗೆ ಇದು ಅಲ್ಪವಾಗಿ ಕಾಣಬಹುದು. ಆದರೆ ಅಟ್ಟದಿಂದ ಬಿಟ್ಟ ದೇಹವು ಒಂದೂವರೆ ಸೆಕೆಂಡಿಗಿಂತಲೂ ಕಡಮೆ ಹೊತ್ತಿನಲ್ಲಿ ನೀರನ್ನು ಮುಟ್ಟುವುದು. ಮುಟ್ಟುವಾಗ ಅದರ ವೇಗವು ಗಂಟೆಗೆ ಐವತ್ತು ಕಿಲೋಮೀಟರು. ಆ ವೇಗದಲ್ಲಿ ಹೊಟ್ಟೆಯನ್ನೋ ಬೆನ್ನನ್ನೋ ಕೊಟ್ಟು ಬಿದ್ದವರಿಗೆ ನೀರು ಕಲ್ಲುಹಾಸಿನಂತಾಗುವುದು. ಅಷ್ಟು ಹೊತ್ತಿನಲ್ಲಿಯೇ ಲಾಗಗಳನ್ನು ಹಾಕಿ, ದೇಹವನ್ನು ತಿರುಚಿ, ಬಿಚ್ಚಿ, ಮೊಳೆಯಂತೆ ನೆಟ್ಟಗಾಗಿ, ಸದ್ದಿಲ್ಲದೆ ನೀರನ್ನು ಹೊಗಬೇಕು.

ಇದು ಹೇಗೆ ಸಾಧ್ಯವೆಂದರೆ: ಕೈ ಚಾಚಿಕೊಂಡು ಗಿರಗಿರನೆ ತಿರುಗುವ ಮಗುವು ಕೈಗಳನ್ನು ಎದೆಗೆ ಅವಚಿಕೊಂಡೊಡನೆ ಇನ್ನೂ ಬೇಗ ತಿರುಗುವುದನ್ನು ತಾಯಂದಿರು ನೋಡಿರಬಹುದು. ಧುಮುಕುವವರು ಮೊಣಕಾಲುಗಳನ್ನು ಎದೆಗೆ ಒತ್ತಿ ಉಂಡೆಯಾದರೆ ಲಾಗವು ಬೇಗ ಸುತ್ತುವುದು. ಮೈ ಚಾಚಿದರೆ ನಿಧಾನವಾಗುವುದು. ಆದುದರಿಂದ ಮೈಯನ್ನು ಮಡಿಸದೆ ನೆಟ್ಟಗಿಟ್ಟುಕೊಂಡೇ ಹಾಕುವ ಲಾಗವು ಕಷ್ಟತಮವು. ಅದಕ್ಕೆ ಹಲಗೆಯನ್ನು ಬಿಡುವಾಗಲೇ ತಕ್ಕ ಚಿಮ್ಮು ದೊರಕಿರಬೇಕು, ಗಾಳಿಯಲ್ಲಿ ತಿದ್ದಿಕೊಳ್ಳಲು ಅವಕಾಶವಿಲ್ಲ. ಓದುವವರು ಈ ಮಾತನ್ನು ಜ್ಞಾಪಕದಲ್ಲಿಡಬೇಕು. ಮುಂದೆ ಕಥೆಯಲ್ಲಿ ಇದರ ಉಪಯೋಗವಿದೆ. ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅರ್ಧರ್ಧ ಅಂಕವಾಗಿ ಕೊಡುವರು. ಅತಿ ಹೆಚ್ಚಿನದನ್ನೂ ಅತಿ ಕಡಮೆಯದನ್ನೂ ಬಿಟ್ಟು, ಉಳಿದುದನ್ನು ಆ ಧುಮುಕಿನ ಕಷ್ಟಕ್ಕೆಂದು ಗೊತ್ತುಮಾಡಿದ ಸಂಖ್ಯೆಯಿಂದ ಗುಣಿಸುವರು. ಸುಲಭವಾದುದನ್ನು ಅಂದವಾಗಿ ಮಾಡಿದರೂ, ಕಷ್ಟವಾದುದನ್ನು ಕೆಡಿಸಿದರೂ ಅಂಕಗಳು ಏರುವುದಿಲ್ಲ. ನಿಶ್ಚಲವಾದ ತಿಳಿನೀರು ಮೇಲಿನಿಂದ ಕಣ್ಣಿಗೆ ಕಾಣುವುದೇ ಇಲ್ಲವಾದುದರಿಂದ, ನೀರು ಎಲ್ಲಿದೆಯೆಂದು ತಿಳಿಯುವಂತೆ ಕೊಳದ ಮೇಲೆ ಸಣ್ಣಗೆ ನೀರನ್ನು ಚಿಮುಕಿಸಿ ಅಲೆಗಳನ್ನೆಬ್ಬಿಸುವ ಏರ್ಪಾಡೂ ಉಂಟು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆನು. ಹತ್ತು ಮೀಟರಿನ ಅಟ್ಟದ ಕೆಳಗೆ ಕೊಳವು ಸುಮಾರು ಐದು ಮೀಟರಾದರೂ ಆಳವಿರಬೇಕೆಂಬುದು ನಿಯಮವು. ತಳವು ನುಣುಪಾಗಿಯೂ ನೀರು ತಿಳಿಯಾಗಿಯೂ ಇರುವುದು. ನಮ್ಮ ಹೊಳೆಯ ಗುಂಡಿಗಳಲ್ಲಿ ಕಳೆದ ವರ್ಷವಿದ್ದ ಆಳವು ಈ ವರ್ಷ ಇರುವುದಿಲ್ಲ. ಮಳೆಗಾಲವು ಬಂಡೆಯನ್ನೂ ಮರದ ಬುಡವನ್ನೂ ಉರುಳಿಸಿ ತಂದು ಇಟ್ಟಿರುವುದು. ಅಂತಹ ನೀರಿಗೆ ತಲೆ ಮುಂದಾಗಿ ಧುಮುಕಿದವರ ಕತ್ತಿನ ಎಲುಬು ಮುರಿದು, ಪ್ರಾಣ ಉಳಿದರೂ ಕೈಕಾಲುಗಳ ಶಕ್ತಿಯು ಜನ್ಮಪೂರ್ತಿ ಹೋಗಬಹುದು. ಪೋಷಕರು ತಮ್ಮ ಗಂಡುಮಕ್ಕಳಿಗೆ ಇದನ್ನು ಗದರಿಸಿಯಾದರೂ ಹೇಳತಕ್ಕದ್ದು.

ಈಗ ಕಥೆಗೆ ಬರೋಣ.

ವಿಕ್ಟೋರಿಯಾ ಮನಾಲೊ ೧೯೨೪ನೆಯ ಇಸವಿ ಡಿಸೆಂಬರ್ ೩೧ರಂದು ಅಮೆರಿಕದ ಪಶ್ಚಿಮ ಕರಾವಳಿಯ ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಾಗಿ ಜನಿಸಿದಳು. ತಂದೆ ತಿಯೊಡೊರೊ ಮನಾಲೊ ಫಿಲಿಪ್ಪೀನ್ ದ್ವೀಪಗಳಿಂದ ಬಂದವರು. ಸಂಗೀತವನ್ನೂ ಅಡಿಗೆಯ ಕೆಲಸವನ್ನೂ ಬಲ್ಲವರು. ತಾಯಿ ಗರ್ಟ್ರೂಡ್ ಟೇಲರ್ ಇಂಗ್ಲೆಂಡಿನವರು. ಇಂತಹ ದಾಂಪತ್ಯವನ್ನು ಆ ಊರಿನ ಬಿಳಿಯ ಜನರು ಸಹಿಸುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಬಿಳಿಯರು ಇತರ ಕೆಲವು ಜನಾಂಗದವರನ್ನು ಮದುವೆಯಾಗಬಾರದೆಂಬ ಕಾಯಿದೆಯು ಮೊದಲಿನಿಂದ ಇದ್ದಿತು. ೧೯೩೩ರಲ್ಲಿ ಅದನ್ನು ತಿದ್ದಿ ಫಿಲಿಪ್ಪೀನಿನವರನ್ನೂ ಆ ಪಟ್ಟಿಯಲ್ಲಿ ಸೇರಿಸಿದರು. ಎಂದರೆ, ಎಂಟು ವರ್ಷದ ವಿಕ್ಟೋರಿಯಾ ಶಾಲೆಗೆ ಹೋಗಿಬರುತ್ತಿದ್ದಾಗ, ಅವಳ ತಂದೆತಾಯಿಗಳಂತಹ ಇಬ್ಬರು ಹೊಸದಾಗಿ ಮದುವೆಯಾಗುವುದು ಆ ಪ್ರಾಂತದಲ್ಲಿ ಕಾಯಿದೆಗೆ ವಿರೋಧವಾಯಿತು.

ಮನೆಯಲ್ಲಿ ಬಡತನವಿತ್ತು. ಹುಡುಗಿಗೆ ನರ್ತನವನ್ನು ಕಲಿಯಬೇಕೆಂಬ ಆಸೆಯಿದ್ದರೂ ಅದಕ್ಕೆ ತೆರುವಷ್ಟು ಹಣವಿರಲಿಲ್ಲ. ಐದು ಸೆಂಟು ಕೊಟ್ಟರೆ ಒಳಗೆ ಬಿಡುವ ಒಂದು ಸಾರ್ವಜನಿಕ ಸ್ನಾನದ ಕೊಳವು ಪಟ್ಟಣದಲ್ಲಿತ್ತು. ನೀರಿಗೆ ಅಂಜುತ್ತಿದ್ದ ಅವಳು ಅಲ್ಲಿಯೇ ಈಜನ್ನು ಕಲಿತಳು. ಹತ್ತು ವರ್ಷಕ್ಕೆ ಈಜು ಕಲಿಯುವುದೆಂದರೆ ಮುಂದೆ ಒಲಿಂಪಿಕ್ ಕೂಟಕ್ಕೆ ಹೋಗತಕ್ಕವರಲ್ಲಿ ತಡವೆಂದೇ ಎಣಿಕೆ. ಧುಮುಕುವುದನ್ನು ಕ್ರಮವಾಗಿ ಕಲಿಯತೊಡಗಿದುದು ಇನ್ನೂ ತಡವಾಗಿ, ಹದಿನಾರನೆಯ ವರ್ಷದಲ್ಲಿ.

ಸಾನ್ ಫ್ರಾನ್ಸಿಸ್ಕೋವಿನ ಫೇರ್‌ಮಾಂಟ್ ಎಂಬ ದೊಡ್ಡ ಹೋಟೆಲಿನಲ್ಲಿ ಈಜುಗಾರರ ಒಂದು ಕ್ಲಬ್ಬು ಇದ್ದಿತು. ಅದರ ಶಿಕ್ಷಕ ಫಿಲ್ ಪ್ಯಾಟರ್‌ಸನ್ ಎಂಬಾತನು ಹುಡುಗಿಯಲ್ಲಿದ್ದ ಯೋಗ್ಯತೆಯನ್ನು ಕಂಡುಕೊಂಡನು. ಆದರೆ ಮನಾಲೊ ಎಂಬ ಹೆಸರಿನವಳನ್ನು ಆ ಕ್ಲಬ್ಬಿಗೆ ಸೇರಿಸುವುದು ಸಾಧ್ಯವಿರಲಿಲ್ಲ. ಅವನು ಒಂದು ಉಪಾಯವನ್ನು ಹೂಡಿದನು: ಹುಡುಗಿಯು ತಂದೆಯ ಹೆಸರನ್ನು ಬಿಟ್ಟು ತಾಯಿಯ ತವರಿನ ಹೆಸರಾದ ಟೇಲರ್ ಎಂಬುದನ್ನು ಇಟ್ಟುಕೊಳ್ಳತಕ್ಕದ್ದು. ಅಷ್ಟೂ ಸಾಲದೆ, ಅವಳು ಉಳಿದ ಸದಸ್ಯರೊಡನೆ ಬೆರೆಯದಂತೆ, ತನ್ನ ಹೆಸರಿನಲ್ಲಿಯೇ ಒಂದು ಬೇರೆ ಶಾಲೆಯನ್ನು ಹೆಸರಿಗೆಂದು ಸ್ಥಾಪಿಸಿ ಅವಳನ್ನು ಅದಕ್ಕೆ ಸೇರಿಸಿದನು.

ಹೆಸರು ಬದಲಾಗುವುದು ನಮ್ಮ ದೇಶದ ಹೆಣ್ಣುಮಕ್ಕಳಿಗೆ ಹೊಸದಲ್ಲ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಸೊಸೆಗೆ ಹೊಸ ಹೆಸರನ್ನು ಬರೆಯುವ ಪದ್ಧತಿಯಿತ್ತು. ಹಾಗೆ ಹೆಸರು ಕಳೆದುಕೊಂಡ ಅಜ್ಜಿಯಂದಿರನ್ನು ನಮ್ಮಲ್ಲಿ ಅನೇಕರು ಬಲ್ಲೆವು. ಆದರೆ ಇಲ್ಲಿ ನಡೆದುದು ಬೇರೆ. ಕೊಳದೊಳಕ್ಕೆ ಕಾಲಿಡಬೇಕಾದರೆ ತನ್ನ ತಂದೆಯು ಯಾರೆಂಬುದನ್ನು ಮರೆಮಾಡಬೇಕೆಂದು ಹದಿನಾರು ಹದಿನೇಳರ ಹುಡುಗಿಗೆ ಹೇಳಲಾಯಿತು. ಅದನ್ನು ಕೇಳಿ ಮನೆಯಲ್ಲಿ ತಂದೆಯ ಮುಖವು ಹೇಗಾಗಿರಬೇಕು! ಶಿಕ್ಷಕನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವನು ಆ ಉಪಾಯವನ್ನು ಮಾಡದಿದ್ದರೆ ಬಾಗಿಲು ಪೂರ್ತಿಯಾಗಿ ಮುಚ್ಚಿಯೇ ಇರುತ್ತಿತ್ತು. ಆದರೂ ಬಾಗಿಲನ್ನು ತೆರೆದ ಕೈಯೇ ಹುಡುಗಿಯನ್ನು ಬೇರೆ ಕೂರಿಸಿತೆಂಬುದನ್ನೂ ಮರೆಯಲಾಗದು. ತರಗತಿಯಲ್ಲಿ ಕೆಲವು ಮಕ್ಕಳನ್ನು ಹೊರಜಗಲಿಯಲ್ಲಿ ಕೂರಿಸಿ ಪಾಠ ಹೇಳುತ್ತಿದ್ದ ಕಾಲವು ನಮ್ಮ ನಾಡಿನಲ್ಲಿಯೂ ಇದ್ದುದರಿಂದ, ಇದನ್ನು ಪರದೇಶದ ಕಥೆಯೆಂದು ಓದಿ ಮುಂದೆ ಸಾಗುವುದು ನಮಗೆ ಸುಲಭವಲ್ಲ.

ಅದೇ ಪ್ರಾಂತದಲ್ಲಿ ಇನ್ನೊಬ್ಬ ಹುಡುಗನೂ ಇಂತಹ ಪಾಡನ್ನೇ ಪಡುತ್ತಿದ್ದನು. ಅವನ ಹೆಸರು ಸ್ಯಾಮಿ ಲೀ. ಕೊರಿಯಾ ದೇಶದಿಂದ ಬಂದ ತಂದೆತಾಯಿಗಳ ಮಗ. ಪ್ಯಾಸಡೀನಾ ಪಟ್ಟಣದ ಸಾರ್ವಜನಿಕ ಕೊಳದಲ್ಲಿ ಬಿಳಿಯರಲ್ಲದ ಮಕ್ಕಳಿಗೆ ವಾರದಲ್ಲಿ ಒಂದೇ ದಿನ ಪ್ರವೇಶ. ಅವರು ಈಜಿ ಹೋದ ಮೇಲೆ ಕೊಳವನ್ನು ಬರಿದುಮಾಡಿ ಹೊಸ ನೀರನ್ನು ತುಂಬುತ್ತಿದ್ದರು. ಉಳಿದ ದಿನಗಳಲ್ಲಿ ಅಭ್ಯಾಸಕ್ಕೆ ನೀರಿಲ್ಲದುದರಿಂದ, ಶಿಕ್ಷಕನು ಮನೆಯ ಹಿತ್ತಲಲ್ಲಿ ಒಂದು ಗುಂಡಿಯನ್ನು ತೋಡಿ ಮರಳು ತುಂಬಿದನು. ಆ ಮರಳಿನ ಮೇಲೆ ಹಾರಿ ಹಾರಿ ಕಾಲುಗಳಿಗೆ ಬಲ ಬಂದಿತೆಂದು ಲೀ ಮುಂದೆ ಹೇಳುತ್ತಿದ್ದರಂತೆ. ತಂದೆಯ ಇಚ್ಛೆಯಂತೆ ಓದಿ ವೈದ್ಯರೂ ಆದರು. ಈ ಡಾಕ್ಟರ್ ಲೀಯವರು ವಿಕ್ಟೋರಿಯಾಳಿಗೆ ಅಣ್ಣನಂತೆ ಬೆಂಬಲವಾಗಿ ನಿಂತ ಸಂಗತಿಯು ಮುಂದೆ ಬರುವುದು.

೧೯೪೨ರಲ್ಲಿ ಹೈಸ್ಕೂಲಿನ ಓದನ್ನು ಮುಗಿಸಿದ ವಿಕ್ಟೋರಿಯಾ ಸೈನ್ಯದ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಅದು ಮಹಾಯುದ್ಧದ ಕಾಲ. ಪ್ಯಾಟರ್‌ಸನ್ ಯುದ್ಧಕ್ಕೆ ಹೊರಟುಹೋಗಲು, ಹುಡುಗಿಯ ಅಭ್ಯಾಸವು ಕೆಲವು ಕಾಲ ಕುಂಟುತ್ತ ಸಾಗಿತು. ಬಳಿಕ ಕೊಲ್ಲಿಯ ಆಚೆಯ ಓಕ್‌ಲೆಂಡ್ ಪಟ್ಟಣದಲ್ಲಿ ಲೈಲ್ ಡ್ರೇವ್ಸ್ ಎಂಬ ಶಿಕ್ಷಕರ ಪರಿಚಯವಾಯಿತು. ಅವರ ಬಳಿ ಜೊ ಆನ್ ಒಲ್ಸೆನ್ ಎಂಬ ಎಳೆಯ ಹುಡುಗಿಯೂ ಕಲಿಯುತ್ತಿದ್ದಳು. ಕಲಿತುಬಂದ ತಪ್ಪುಗಳನ್ನು ಬಿಡಿಸಿ, ಮೊದಲಿನಿಂದ ಕಲಿಸಿ, ಅಟ್ಟದಿಂದ ಧುಮುಕುವುದಕ್ಕೂ ವಿಕ್ಟೋರಿಯಾಳನ್ನು ಹಚ್ಚಿದವರು ಡ್ರೇವ್ಸರೇ. ೧೯೪೬ರಲ್ಲಿ ಇಬ್ಬರಿಗೂ ಮದುವೆಯಾಯಿತು. ಅದೇ ವರ್ಷ, ಮರುವರ್ಷ, ಅದರ ಮರುವರ್ಷ ಹೀಗೆ ಮೂರು ಸಲ ಆಕೆಯು ಅಟ್ಟದ ಧುಮುಕಿನಲ್ಲಿ ಅಮೆರಿಕಕ್ಕೆ ಪ್ರಥಮಳಾದಳು. ನೀರಿಗೆ ಅಂಜಿದವಳು ನಿತ್ಯವೂ ಮೂವತ್ತಮೂರು ಅಡಿಗಳ ಅಟ್ಟವನ್ನು ಹತ್ತಿಳಿಯುತ್ತಿದ್ದಳೆಂದು ಬರೆಯಲು ಒಂದು ಸಾಲು ಸಾಕು. ಮಾಡಿದವಳಿಗೆ ಎಷ್ಟು ಸಾವಿರ ಸಲದ ಮೆಟ್ಟಿಲುಗಳೋ!

೧೯೪೮ರ ಒಲಿಂಪಿಕ್ ಕೂಟವು ಲಂಡನ್ನಿನಲ್ಲಿ ನಡೆಯಿತು. ಯುದ್ಧವು ಮುಗಿದು ಮೂರೇ ವರ್ಷ. ಬಾಂಬುಗಳಿಂದ ಹಾಳಾದ ಕಟ್ಟಡಗಳು ಇನ್ನೂ ಹಾಗೆಯೇ ನಿಂತಿದ್ದವು, ಆಹಾರಕ್ಕೆ ರೇಷನ್ ಇತ್ತು. ಹೊಸದಾಗಿ ಏನನ್ನೂ ಕಟ್ಟುವ ಶಕ್ತಿಯಿಲ್ಲದೆ ಇದ್ದುದರಲ್ಲಿಯೇ ಕೂಟವನ್ನು ನಡೆಸಿದರು. ಬಂದ ಸ್ತ್ರೀಯರಿಗೆ ಕಾಲೇಜುಗಳಲ್ಲಿ ವಸತಿ ಏರ್ಪಡಿಸಿದ್ದರು. ಈಜು ಧುಮುಕುಗಳು ವೆಂಬ್ಲಿಯ ಎಂಪೈರ್ ಪೂಲ್ ಎಂಬ, ಮಾಡು ಹೊದಿಸಿದ ಕೊಳದಲ್ಲಿ ನಡೆದವು. ಅದಕ್ಕೆ ಮುಂಚೆ ಒಲಿಂಪಿಕ್ ಕೂಟದ ಈಜು ಎಂದೂ ಮಾಡಿನ ಕೆಳಗೆ ನಡೆದಿರಲಿಲ್ಲ.

ಆಗಸ್ಟ್ ೩ರಂದು ಹಲಗೆಯ ಸ್ಪರ್ಧೆ. ಎದುರಾಳಿಗಳಲ್ಲಿ ಮುಖ್ಯಳಾದವಳು ಬೇರೆ ಯಾರೂ ಅಲ್ಲ, ಗಂಡನ ಶಿಷ್ಯೆಯಾದ ಹದಿನೇಳು ವರ್ಷದ ಒಲ್ಸೆನ್. ಅಂಕಗಳು ಒತ್ತೊತ್ತಾಗಿಯೇ ಏರುತ್ತ ಬಂದವು. ವಿಕ್ಟೋರಿಯಾಳಿಗೆ ಉಳಿದಿದ್ದ ಕೊನೆಯ ಧುಮುಕು ಎಂತಹದೆಂದರೆ: ನೀರಿಗೆ ಬೆನ್ನು ಹಾಕಿ ಹಲಗೆಯ ತುದಿಯಲ್ಲಿ ನಿಂತು, ಮೈಯನ್ನು ಎಲ್ಲಿಯೂ ಮಡಿಸದೆ, ಹಿಮ್ಮುಖವಾಗಿ ಒಂದೂವರೆ ಲಾಗ ಹಾಕಿ ತಲೆ ಮುಂದಾಗಿ ನೀರನ್ನು ಹೊಗಬೇಕು. ಹಿಂದೆ ಹೇಳಿದಂತೆ, ನೆಟ್ಟಗಿನ ಮೈಯ ಲಾಗಕ್ಕೆ ಚಿಮ್ಮಿನಲ್ಲಿಯೇ ಎಲ್ಲವೂ ಇದೆ. ನೀರು ಕಾಣಿಸುವುದು ಕೊನೆಯ ಗಳಿಗೆಯಲ್ಲಿ ಮಾತ್ರ. ಅಭ್ಯಾಸದಲ್ಲಿ ಅದು ಆಕೆಗೆ ಸರಿಯಾಗಿ ಬರುತ್ತಿರಲಿಲ್ಲ. ಗಂಡನು ಬಳಿಯಲ್ಲಿರಲಿಲ್ಲ. ತನ್ನಿಂದಾಗದೆಂದು ಆಕೆಯು ಸ್ಯಾಮಿ ಲೀಯವರೊಡನೆ ಹೇಳಿಕೊಂಡಳು. ಇಷ್ಟು ದೂರ ಬಂದು ಇಲ್ಲಿ ಕೈಚೆಲ್ಲುವುದೇ, ಹೋಗು, ಮೇಲೆ ಹತ್ತು ಎಂಬರ್ಥದ ಮಾತನ್ನು ಅವರು ಹೇಳಿ ಕಳುಹಿಸಿದರು. ಆಕೆ ಹತ್ತಿದಳು. ಧುಮುಕು ಸರಿಯಾಗಿ ಬಂದಿತು. ಆಕೆಗೆ ೧೦೮.೭೪ ಅಂಕಗಳು, ಒಲ್ಸೆನ್ನಳಿಗೆ ೧೦೮.೨೩. ಒಂದು ಅಂಕದ ಅರ್ಧದಷ್ಟು ಅಂತರದಲ್ಲಿ ಚಿನ್ನವು ಆಕೆಯದಾಯಿತು. ಮೂರನೆಯ ಸ್ಥಾನವೂ ಅಮೆರಿಕದ ಪ್ಯಾಟ್ಸಿ ಎಲ್ಸೆನರಳಿಗೇ ದೊರೆಯಿತು.

ಎರಡು ದಿನಗಳ ಮೇಲೆ, ೫ರಂದು, ಗಂಡಸರ ಅಟ್ಟದ ಸ್ಪರ್ಧೆಯಲ್ಲಿ ಸ್ಯಾಮಿ ಲೀಯವರು ಚಿನ್ನವನ್ನು ಗೆದ್ದರು. ಮರುದಿನ ೬ರಂದು ಹೆಂಗಸರ ಅಟ್ಟದ ಸ್ಪರ್ಧೆಯಲ್ಲಿ ವಿಕ್ಟೋರಿಯಾ ಮತ್ತೆ ಗೆದ್ದಳು; ಈ ಸಲ ೬೮.೮೭ ಅಂಕಗಳು, ಎರಡನೆಯವಳಿಗಿಂತ ಎರಡೂವರೆ ಅಂಕ ಮುಂದೆ. ಹಲಗೆ ಅಟ್ಟಗಳೆರಡರಲ್ಲಿಯೂ ಒಂದೇ ಕೂಟದಲ್ಲಿ ಚಿನ್ನ ಗೆದ್ದ ಸ್ತ್ರೀಯು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಅಮೆರಿಕದಲ್ಲಿ ನೆಲೆಸಿದ ಏಷ್ಯಾದ ಜನರ ಪೈಕಿ ಮೊದಲನೆಯ ಒಲಿಂಪಿಕ್ ಚಿನ್ನವೂ, ಎರಡು ದಿನಗಳ ಅಂತರದಿಂದ, ಲೀಯವರದಲ್ಲದೆ ಆಕೆಯದೇ ಆಯಿತು. ಆಗ ಆಕೆಯ ಹೆಸರು ವಿಕ್ಟೋರಿಯಾ ಡ್ರೇವ್ಸ್. ಅದೇ ವೆಂಬ್ಲಿಯಲ್ಲಿ, ಆಗಸ್ಟ್ ೧೨ರಂದು, ಸ್ವತಂತ್ರ ಭಾರತದ ಹಾಕಿ ತಂಡವು ಬ್ರಿಟನ್ನನ್ನು ನಾಲ್ಕು ಗೋಲುಗಳಿಂದ ಸೋಲಿಸಿತೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ನೆನಪಿಸಬೇಕಾದುದಿಲ್ಲ. ಇತ್ತ ಕ್ಯಾಲಿಫೋರ್ನಿಯಾದಲ್ಲಿ, ಅಕ್ಟೋಬರ್ ೧ರಂದು, ಬೇರೆ ಬೇರೆ ಜನಾಂಗದವರ ಮದುವೆಯನ್ನು ನಿಷೇಧಿಸಿದ್ದ ಕಾಯಿದೆಯು ನಿಲ್ಲತಕ್ಕದ್ದಲ್ಲವೆಂದು ಆ ಪ್ರಾಂತದ ಅತ್ಯುಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು.

ಗೆದ್ದ ಮರುವರ್ಷ ವಿಕ್ಟೋರಿಯಾರವರು ತಂದೆಯ ದೇಶವಾದ ಫಿಲಿಪ್ಪೀನಿಗೆ ಹೋದರು. ಅಲ್ಲಿ ಜನರು ಆಕೆಯನ್ನು ತಮ್ಮ ಮನೆಯ ಮಗಳಂತೆ ಬರಮಾಡಿಕೊಂಡರು. ಆಕೆಯು ಧುಮುಕಿ ತೋರಿಸಿದರು, ತಂದೆಯ ಹುಟ್ಟೂರನ್ನೂ ಕಂಡುಬಂದರು. ಟೇಲರ್ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿಗೆ ಆ ಊರಿನಲ್ಲಿ ಮನಾಲೊ ಎಂಬುದೇ ಗೌರವದ ಹೆಸರಾಗಿತ್ತು. ಬಳಿಕ ಹಣ ತೆಗೆದುಕೊಂಡು ಪ್ರದರ್ಶನ ಕೊಡುವ ಜಲಕ್ರೀಡೆಯ ತಂಡಗಳೊಡನೆ ಕೆಲವು ವರ್ಷ ಊರೂರು ಸುತ್ತಿದರು. ಅಂದಿನ ನಿಯಮದಂತೆ, ಹಾಗೆ ಹಣ ಪಡೆದವರಿಗೆ ಒಲಿಂಪಿಕ್ ಕೂಟದಲ್ಲಿ ಮತ್ತೆ ಸ್ಥಾನವಿಲ್ಲ. ಇಪ್ಪತ್ತಮೂರನೆಯ ವರ್ಷದಲ್ಲಿಯೇ ಸ್ಪರ್ಧೆಗಳು ಮುಗಿದುವೆಂಬುದನ್ನು ಕೇಳಿ ನಮಗೆ ಮರುಕವಾಗಬಹುದು. ಆದರೆ ಪದಕಗಳನ್ನು ಇಟ್ಟುಕೊಂಡು ಹೊಟ್ಟೆ ತುಂಬುವುದಿಲ್ಲವೆಂಬುದು ಬಡವರ ಮನೆಯಲ್ಲಿ ಬೆಳೆದವರಿಗೆ ತಿಳಿದಿರುವುದಷ್ಟೆ. ಡಾಕ್ಟರ್ ಲೀಯವರು ಮಾತ್ರ ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ, ತಮ್ಮ ಮೂವತ್ತೆರಡನೆಯ ಹುಟ್ಟುಹಬ್ಬದ ದಿನವೇ, ಮತ್ತೊಮ್ಮೆ ಚಿನ್ನವನ್ನು ಗೆದ್ದರು. ಅದೇ ಕೂಟದಲ್ಲಿ ಹೆಂಗಸರ ಎರಡೂ ಚಿನ್ನಗಳನ್ನು ಗೆದ್ದು, ೧೯೫೬ರಲ್ಲಿ ಪುನಃ ಎರಡನ್ನೂ ಗೆದ್ದ ಪ್ಯಾಟ್ ಮೆಕಾರ್ಮಿಕ್ ಎಂಬಾಕೆಗೆ ಲೈಲ್ ಡ್ರೇವ್ಸರೂ ಕಲಿಸಿದ್ದರು.

ನಮ್ಮ ದೇಶದ ಸಂಗತಿಯನ್ನೂ ಇಲ್ಲಿ ಒಂದು ಮಾತಿನಲ್ಲಿ ಹೇಳಬಹುದು. ೧೯೫೧ರ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ಏಷ್ಯಾದ ಮೊದಲನೆಯ ಕ್ರೀಡಾಕೂಟವು ನಡೆದಾಗ ಕೆ. ಪಿ. ಠಕ್ಕರ್ ಎಂಬವರು ಹಲಗೆ ಅಟ್ಟಗಳೆರಡರ ಚಿನ್ನವನ್ನೂ ಭಾರತಕ್ಕೆ ಗೆದ್ದುಕೊಟ್ಟರು. ಆ ಕೂಟದಲ್ಲಿ ಹೆಂಗಸರಿಗೆ ಧುಮುಕುವ ಸ್ಪರ್ಧೆಯನ್ನೇ ಇಟ್ಟಿರಲಿಲ್ಲ. ನಗರ ಸೀಮೆಯ ಹುಡುಗಿಯು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದುದು ಕೇವಲ ನಮ್ಮ ಹೊಳೆಯ ದಡದಲ್ಲಿ ಮಾತ್ರವಲ್ಲ.

ವಿಕ್ಟೋರಿಯಾರವರಿಗೆ ನಾಲ್ವರು ಗಂಡುಮಕ್ಕಳಾದರು. ನಾಲ್ವರೂ ಧುಮುಕುವುದನ್ನು ಕಲಿತರು. ಗಂಡಹೆಂಡಿರು ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈಜು ಧುಮುಕುಗಳನ್ನು ಕಲಿಸುತ್ತಿದ್ದರು. ೧೯೬೯ರಲ್ಲಿ ಅಂತರರಾಷ್ಟ್ರೀಯ ಈಜುಗಾರರ ಕೀರ್ತಿಭವನದಲ್ಲಿ ಆಕೆಯ ಹೆಸರನ್ನು ಸೇರಿಸಿದರು. ೨೦೧೦ರ ಏಪ್ರಿಲ್ ೧೧ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡರು.

ಅದಕ್ಕೆ ನಾಲ್ಕು ವರ್ಷಗಳ ಹಿಂದೆ, ಆಕೆಯು ಕಣ್ಣಾರೆ ನೋಡುವಂತೆಯೇ, ಸಾನ್ ಫ್ರಾನ್ಸಿಸ್ಕೋ ನಗರದವರು ಒಂದು ಕೆಲಸವನ್ನು ಮಾಡಿದರು. ಆಕೆ ಬೆಳೆದ ನೆರೆಯಲ್ಲಿ, ಮಕ್ಕಳ ಶಾಲೆಯೊಂದರ ಮಗ್ಗುಲಲ್ಲಿ, ಸುಮಾರು ಎರಡು ಎಕರೆಯ ಆಟದ ಬಯಲನ್ನು ಸಿದ್ಧಪಡಿಸಿ ಆಕೆಯ ಹೆಸರನ್ನಿಟ್ಟರು. ಫಿಲಿಪ್ಪೀನಿನಿಂದ ಬಂದು ನೆಲೆಸಿದ ಅನೇಕ ಮನೆಗಳ ಮಕ್ಕಳು ಅಲ್ಲಿ ಆಡುವರು. ಆ ಬಯಲಿಗೆ ಇಟ್ಟ ಹೆಸರು ವಿಕ್ಟೋರಿಯಾ ಮನಾಲೊ ಡ್ರೇವ್ಸ್ ಎಂದು. ಟೇಲರ್ ಎಂಬುದು ಅದರಲ್ಲಿಲ್ಲ.